ಸ್ನೋಮೊಬೈಲಿಗೆ ಉಬ್ಬಸ

ಅಮೆರಿಕದ ನಮ್ಮೂರು ಸೆಂಟರ್‌ವಿಲ್‌ನಲ್ಲಿ ಸ್ನೋಮೊಬೈಲ್ ಎಂಬ ಹಿಮದ ಗಾಡಿ ಇಟ್ಟುಕೊಳ್ಳುವುದೆಂದರೆ ಬಳ್ಳಾರಿಯಲ್ಲಿ ಸ್ವೆಟರ್ ಅಂಗಡಿ ತೆರೆದ ಹಾಗೆ ಎಂದು ನನ್ನ ಹೆಂಡತಿ ಯಾಮಿನಿ ಕಂಡವರಿಗೆಲ್ಲ ಹೇಳುತ್ತಾಳೆ. ತಪ್ಪೇನಿಲ್ಲ. ಇಲ್ಲಿ ವರ್ಷಕ್ಕೆ ಎರಡು ಸಲ ಹಿಮ ಬಿದ್ದರೆ ಹೆಚ್ಚು, ಅದೂ ಮೂರನೆಯ ದಿನಕ್ಕೆ ಕೆಸರು. ಆದರೆ ಪೆನ್ಸಿಲ್ವೇನಿಯಾದ ಒಬ್ಬ ಅಜ್ಜ ತನ್ನ ಮೂವತ್ತು ವರ್ಷದ ಹಳೇ ಗಾಡಿಯನ್ನು ಹೆಚ್ಚುಕಡಿಮೆ ಬಿಟ್ಟಿಯಾಗಿ ಕೊಡುತ್ತೇನೆಂದಾಗ ಬೇಡ ಅನ್ನುವಷ್ಟು ಗಟ್ಟಿ ಮನಸ್ಸು ನನ್ನದಲ್ಲ. ಮುಂದೆ ಎರಡು ಸ್ಕೀ, ಹಿಂದೆ ರಬ್ಬರ್ ಪಟ್ಟಿ, ನಡುವೆ ಎರಡು ಕಾರ್ಬುರೇಟರಿನ ಎಂಜಿನ್ನು. ಸೆಪ್ಟೆಂಬರಿನಲ್ಲಿ ತಂದಾಗ ಸ್ಟಾರ್ಟ್ ಮಾಡುವ ಹಗ್ಗದ ಒಂದೇ ಎಳೆತಕ್ಕೆ ಗುಡುಗಿತ್ತು.

ಯಾಮಿನಿಗೆ ಅದು ನಿಂತ ಜಾಗ ಬೇಕಿತ್ತು. ಅವಳು ಶನಿವಾರ ಹನ್ನೆರಡು ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತಾಳೆ. ಮನೆಯ ಹಾಲ್‌ನಲ್ಲಿ ಅವರೆಲ್ಲ ಒಟ್ಟಿಗೆ ತಟ್ಟಡವು ತಟ್ಟಿದರೆ ಶೋಕೇಸಿನ ಲೋಟಗಳೂ ತಾಳ ಹಾಕುತ್ತವೆ.

"ನೋಡು ಅಭಿ, ಈ ವಿಂಟರ್‌ನ ಮೊದಲ್ನೇ ಸ್ನೋ ದಿನ ಇದು ಗ್ಯಾರೇಜಿಂದ ಮೇಲ್‌ಬಾಕ್ಸ್‌ವರೆಗೆ ಹೋಗಿ ವಾಪಸ್ ಬರ್ಬೇಕು. ಬರ್ಲಿಲ್ವಾ, ಅವತ್ತೇ ಆನ್‌ಲೈನ್ ಲಿಸ್ಟ್ ಮಾಡ್ತೀನಿ. ಗ್ಯಾರೇಜ್ ನಂದು."

"ಬರುತ್ತೆ."

"ನೀನು ತಳ್ಕೊಂಡ್ ಬರೋದಲ್ಲ."

ನನಗೆ ಧೈರ್ಯವಿತ್ತು, ಯಾಕೆಂದರೆ ಅರಸೀಕೆರೆಯಿಂದ ನಮ್ಮ ಮಾವ ಗುರುಸಿದ್ದಪ್ಪನವರು ಅತ್ತೆಯ ಜೊತೆ ಆರು ತಿಂಗಳಿಗೆಂದು ಬಂದಿದ್ದರು. ಬಸ್ ಸ್ಟ್ಯಾಂಡಿನ ಹಿಂದೆ ನಲವತ್ತು ವರ್ಷ ಸ್ಕೂಟರು, ಮೊಪೆಡ್ಡು ರಿಪೇರಿ ಮಾಡಿದ ಕೈ ಅದು. ಬಂದ ಮೊದಲ ವಾರ ಅಮೆರಿಕದಲ್ಲಿ ಅವರಿಗೆ ಹಿಡಿಸಿದ್ದು ನನ್ನ ಗ್ಯಾರೇಜೊಂದೇ.

ಆಯುಧಪೂಜೆ ಬಂತು. ಅತ್ತೆ ಮಲ್ಲಮ್ಮನವರು ಎರಡು ಕಾರು, ಹುಲ್ಲು ಕತ್ತರಿಸುವ ಮೆಷಿನ್ನು, ಮಿಕ್ಸಿ, ಕೊನೆಗೆ ನನ್ನ ಆಫೀಸ್ ಲ್ಯಾಪ್‌ಟಾಪಿಗೂ ವಿಭೂತಿ ಎಳೆದರು. ಸ್ನೋಮೊಬೈಲಿಗೆ ಮಾತ್ರ ಅರ್ಧ ಗಂಟೆ ಪೂಜೆ. "ಇದೊಂದು ನೋಡಿದ್ರೇ ಎದೆ ಝಲ್ ಅನ್ನುತ್ತೆ. ಚಕ್ರಾನೇ ಇಲ್ವಲ್ಲ, ಏನ್ ನಂಬಿ ಕೂರೋದು?" ಅಂದರು.

ಮಾರನೆಯ ವಾರ ಸ್ಟಾರ್ಟ್ ಮಾಡಿದರೆ ಗಾಡಿಗೆ ಉಬ್ಬಸ ಹಿಡಿದಿತ್ತು. ಗೊರ್‍ರ್ ಅನ್ನುವುದು, ಕೆಮ್ಮುವುದು, ಕಪ್ಪು ಹೊಗೆ ಬಿಟ್ಟು ಮಲಗುವುದು.

ಮಾವ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರು. "ಅಳಿಯಂದ್ರೇ, ಪ್ಲಗ್ಗು ಫಿಲ್ಟರ್ ಕಾಫಿ ಬಣ್ಣ ಇರ್ಬೇಕು. ಇದು ನೋಡಿ, ಕಾಡಿಗೆ. ಪೆಟ್ರೋಲ್ ಜಾಸ್ತಿ ಕುಡೀತಿದೆ."

"ಜೆಟ್ ಚೇಂಜ್ ಮಾಡೋಣ ಮಾವ. ನಾನು ಎಕ್ಸೆಲ್ ಮಾಡ್ತೀನಿ."

ಜೆಟ್ ಎಂದರೆ ಕಾರ್ಬುರೇಟರಿನೊಳಗಿನ ಕಡಲೆಕಾಳಿನಷ್ಟು ಹಿತ್ತಾಳೆ ಚೂರು. ಅದರ ತೂತು ದೊಡ್ಡದಾದರೆ ಪೆಟ್ರೋಲು ಜಾಸ್ತಿ, ಸಣ್ಣದಾದರೆ ಕಡಿಮೆ. ನಾನು ಇಪ್ಪತ್ತು ಜೊತೆ ಜೆಟ್ಟು ತರಿಸಿ ನಂಬರಿನ ಪ್ರಕಾರ ಯಾಮಿನಿಯ ಹಳೇ ಮಸಾಲೆ ಡಬ್ಬಿಯಲ್ಲಿ ಜೋಡಿಸಿದೆ: ಸಾಸಿವೆ ಬಟ್ಟಲಲ್ಲಿ ಸಣ್ಣವು, ಮೆಂತ್ಯದ ಬಟ್ಟಲಲ್ಲಿ ದೊಡ್ಡವು. ಚಳಿ ಎಷ್ಟು, ಗಾಳಿ ಎಷ್ಟು ದಪ್ಪ ಎಂದೆಲ್ಲ ಲೆಕ್ಕ ಹಾಕಿ ಎಕ್ಸೆಲ್ ಒಂದು ನಂಬರ್ ಹೇಳುತ್ತಿತ್ತು. ಮಾವ ಟ್ಯಾಂಕಿಗೆ ಕಿವಿಯಿಟ್ಟು ಇನ್ನೊಂದು ಹೇಳುತ್ತಿದ್ದರು.

"ಚಳಿ ಜಾಸ್ತಿ ಆದ್ರೆ ದೊಡ್ಡ ಜೆಟ್ ಬೇಕು ಮಾವ. ಚಾರ್ಟಲ್ಲೇ ಇದೆ."

"ಚಾರ್ಟ್ ಕೆಮ್ತಾ ಇಲ್ಲ ಅಳಿಯಂದ್ರೇ. ಗಾಡಿ ಕೆಮ್ತಿರೋದು. ಸಣ್ಣದು ಹಾಕಿ."

ಸಣ್ಣದು ಹಾಕಿದರೆ ಒಂಚೂರು ವಾಸಿ. ಇನ್ನೂ ಸಣ್ಣದಕ್ಕೆ ಇನ್ನೊಂಚೂರು. ಥ್ಯಾಂಕ್ಸ್‌ಗಿವಿಂಗ್ ಹೋಯಿತು, ಕ್ರಿಸ್ಮಸ್ ಹೋಯಿತು, ಸಂಕ್ರಾಂತಿಯ ಎಳ್ಳುಬೆಲ್ಲದ ಹೊತ್ತಿಗೆ ನಾವು ಮೆಂತ್ಯದಿಂದ ಸಾಸಿವೆಯ ತಳಕ್ಕೆ ಇಳಿದಿದ್ದೆವು. ಅತ್ತೆ ದಿನಾ ಗ್ಯಾರೇಜಿನ ಬಾಗಿಲಲ್ಲಿ ಕಾಫಿ ಹಿಡಿದು ನಿಂತು, "ಇವತ್ತೂ ಓಡ್ಲಿಲ್ವಾ?" ಎಂದು ಕೇಳುವರು. ಇಲ್ಲ ಅಂದರೆ ಪಾಪ, ಕಣ್ಣು ಮುಚ್ಚಿ ಏನೋ ಗೊಣಗಿ ಒಳಗೆ ಹೋಗುವರು. ನಮಗಾಗಿ ಬೇಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ.

ಜನವರಿಯ ಕೊನೆಯ ಭಾನುವಾರ ಎದ್ದರೆ ಆರಿಂಚು ಹಿಮ. ಯಾಮಿನಿ ಕೋಟು ಹಾಕಿ ಡ್ರೈವ್‌ವೇ ತುದಿಯಲ್ಲಿ ಮೇಲ್‌ಬಾಕ್ಸ್ ಪಕ್ಕ ನಿಂತಿದ್ದಳು. ಕೈಯಲ್ಲಿ ಫೋನು. ಜಾಹೀರಾತು ಆಗಲೇ ಬರೆದಿದ್ದಳಂತೆ, ಬಟನ್ ಒತ್ತುವುದಷ್ಟೇ ಬಾಕಿ.

ನಾನು ಹಗ್ಗ ಎಳೆದೆ. ಎಂಟನೆಯ ಎಳೆತಕ್ಕೆ ಎದ್ದಿತು. ಗ್ಯಾರೇಜಿನಿಂದ ಹೊರಬಂದು ಹತ್ತು ಅಡಿ ಹೋಯಿತು. ಕೆಮ್ಮಿತು. ಮಲಗಿತು.

"ಅಭಿ, 'ರನ್ಸ್ ಗ್ರೇಟ್' ಅಂತ ಹಾಕಿದ್ದೆ. ತೆಗೀಲಾ?"

"ತಡಿಯಮ್ಮ!" ಎಂದು ಮಾವ ಮಂಕಿ ಕ್ಯಾಪ್ ಎಳೆದುಕೊಂಡು ಓಡಿ ಬಂದರು. ಬಾನೆಟ್ ಎತ್ತಿ, "ಅಳಿಯಂದ್ರೇ, ಇದು ಗಾಳಿ ಎಲ್ಲಿಂದ ತಗೊಳುತ್ತೆ?"

"ಇಲ್ಲಿ, ಈ ಡಬ್ಬದ ಬಾಯಿಂದ. ಫಿಲ್ಟರ್ ಇಲ್ಲ ಮಾವ. ಹಿಮದಲ್ಲಿ ಧೂಳಿರಲ್ವಲ್ಲ."

"ಅವತ್ತೇ ಫಿಲ್ಟರ್ ಇಲ್ಲ ಅಂದಿದ್ರಿ, ಅದಕ್ಕೇ ನಾನು ಈ ಕಡೆ ತಲೆ ಹಾಕ್ಲಿಲ್ಲ! ಎಳೀರಿ ಹಗ್ಗ." ಅಂಗೈಯನ್ನು ಆ ಬಾಯಿಗೆ ಅಡ್ಡ ಹಿಡಿದರು. ಎಳೆದೆ. "ಊಹೂಂ. ಉಸಿರೇ ಎಳೀತಿಲ್ಲ. ಮೂಗು ಕಟ್ಟಿರೋನಿಗೆ ಊಟ ಕಮ್ಮಿ ಮಾಡ್ತಾ ಕೂತಿದ್ವಲ್ರೀ ನಾವು ಮೂರು ತಿಂಗಳಿಂದ!"

ಎರಡು ಬೆರಳು ಒಳಗೆ ಹೋದವು. ಹೊರಗೆ ಬರುವಾಗ ಅವುಗಳ ಜೊತೆ ನಿಂಬೆಹಣ್ಣಿನ ಗಾತ್ರದ ಒಂದು ಕೆಂಪು ಬಟ್ಟೆಯ ಗಂಟು ಬಂತು. ವಿಭೂತಿಯ ಘಮ ಎದ್ದಿತು.

ನಾವು ಮೂವರೂ ತಿರುಗಿ ನೋಡಿದೆವು. ಅತ್ತೆ ಸೀರೆಯ ಮೇಲೆ ನನ್ನ ಜಾಕೆಟ್ ತೊಟ್ಟು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು.

"ಏನ್ ಹಂಗ್ ನೋಡ್ತೀರಿ? ಮಠದ ರಕ್ಷೆ ಅದು. ಹೊರಗೆ ಕಟ್ಟಿದ್ರೆ ನಿಮ್ ಮಗಳು ನಗ್ತಾಳೆ. ಬಾಯಿ ಥರ ಕಾಣ್ತು, ಒಳಗಿಟ್ಟೆ."

"ಮಲ್ಲೀ! ಗಾಡಿ ಓಡೋದ್ ಬೇಡ್ವೇನೇ?"

"ರಕ್ಷೆ ಇಟ್ಟಿದ್ದು ಅಳಿಯಂದ್ರಿಗೆ ಏನೂ ಆಗ್ದೇ ಇರ್ಲಿ ಅಂತ. ಆಯ್ತಾ ಏನಾದ್ರೂ? ಒಂದು ಗಾಯ? ಒಂದು ಗೀರು? ರಕ್ಷೆ ಕೆಲ್ಸ ಮಾಡಿದೆ!"

ನಾನು ಹಗ್ಗಕ್ಕೆ ಕೈ ಹಾಕಿದೆ. ಮಾವ ನನ್ನ ಕೈಗೆ ಪಟ್ಟನೆ ಹೊಡೆದರು.

"ಬೇಡಿ! ಈಗ ಗಾಳಿ ಹೊಟ್ಟೆತುಂಬಾ, ಪೆಟ್ರೋಲು ಚಮಚದಲ್ಲಿ. ಕಾದು ಪಿಸ್ಟನ್ ಹಿಡ್ಕೊಂಡ್ಬಿಡುತ್ತೆ. ತನ್ನಿ ಮಸಾಲೆ ಡಬ್ಬಿ."

ಹಿಮದಲ್ಲಿ ಮಂಡಿಯೂರಿ, ಬೆರಳು ಮರಗಟ್ಟಿಸಿಕೊಂಡು ಸಾಸಿವೆಯನ್ನೆಲ್ಲ ಬಿಚ್ಚಿ ಮತ್ತೆ ಮೆಂತ್ಯಕ್ಕೆ ಬಂದೆವು. ಪೆನ್ಸಿಲ್ವೇನಿಯಾದ ಅಜ್ಜ ಹಾಕಿ ಕೊಟ್ಟಿದ್ದ ಅದೇ ಹಳೇ ನಂಬರು. ಯಾಮಿನಿ ಚಳಿಗೆ ಕುಣಿಯುತ್ತ, "ಐದು ನಿಮಿಷ ಅಷ್ಟೇ" ಎಂದು ನಾಲ್ಕು ಸಲ ಹೇಳಿದಳು.

ಒಂದೇ ಎಳೆತ. ಸ್ನೋಮೊಬೈಲ್ ಗುಡುಗಿತು. ಎದುರುಮನೆಯ ನಾಯಿ ಒಳಗೆ ಓಡಿತು. ನಾನು ಮೇಲ್‌ಬಾಕ್ಸಿನ ತನಕ ಹೋಗಿ, ಹೆಂಡತಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ವಾಪಸ್ ಬಂದೆ. ಪ್ಲಗ್ ಬಿಚ್ಚಿದ ಮಾವ ಅದನ್ನು ಲಾಟರಿ ಟಿಕೆಟ್ಟಿನಂತೆ ಎತ್ತಿ ತೋರಿಸಿದರು. ಫಿಲ್ಟರ್ ಕಾಫಿ!

ಯಾಮಿನಿ ಮಾತಿಗೆ ತಪ್ಪುವವಳಲ್ಲ. ನಮ್ಮೆದುರೇ ಜಾಹೀರಾತು ಅಳಿಸಿ, ಕಾಲು ಝಾಡಿಸುತ್ತ ಒಳಗೆ ಹೋದಳು. ಗಂಟನ್ನು ನಾನೇ ಭಕ್ತಿಯಿಂದ ಹ್ಯಾಂಡಲಿಗೆ ಕಟ್ಟಿದೆ, ಅತ್ತೆಗೂ ಬೇಸರವಾಗಬಾರದಲ್ಲ. ಮಾವ, ನಾನು ಗೆದ್ದ ಖುಷಿಯಲ್ಲಿ ಕಾಫಿ ಕೇಳಲು ಅಡುಗೆಮನೆಯ ಕಡೆ ನಡೆದೆವು. ಒಳಗೆ ಅತ್ತೆಯ ದನಿ ಮೆತ್ತಗೆ ಕೇಳಿಸಿತು.

"ಮುಖ ಯಾಕೆ ಇಳಿಸ್ಕೊಂಡಿದೀಯ ಯಾಮಿನಿ? ಕ್ಲಾಸಿಗೆ ಜಾಗ ತಾನೇ? ಮುಂದಿನ ಸ್ನೋ ಬರ್ಲಿ, ಇನ್ನೊಂದ್ ಸಲ ಪಂಥ ಕಟ್ಟು. ಮಠದಿಂದ ನಾನು ಎರಡು ಗಂಟು ತಂದಿದ್ದೆ."