ಆರ್ಲಿಸಜ್ಜಿಯ ಪಾತ್ರೆ

ಹೊಲದ ಚರ್ಚಿನ ಬಾಗಿಲು ತೆಗೆದವಳೇ ಸಿಗ್ನಿ ಅಲ್ಲೇ ನಿಂತುಬಿಟ್ಟಳು. ಸಭೆಯ ಹದಿನೇಳೂ ಜನ ಮುಂದಿನ ಬೆಂಚುಗಳಲ್ಲಿ ಕೂತಿದ್ದಾರೆ! ಅಲ್ಲ, ಅಮೆರಿಕದ ಈ ಡಕೋಟಾದ ಲುಥರನ್ ಕ್ರೈಸ್ತರು ಎಲ್ಲಾದರೂ ಮುಂದೆ ಕೂತದ್ದುಂಟೇ? ದೇವರಿಗೆ ತಮ್ಮ ಮುಖ ಕಂಡೀತು ಅನ್ನೋ ಹಾಗೆ ಹಿಂದಿನ ಗೋಡೆಗೆ ಅಂಟಿಕೊಳ್ಳುವ ಜನ ಅದು. ನೋಡಿದರೆ ಹಿಂದಿನ ನಾಲ್ಕು ಸಾಲು ಬೆಂಚೇ ಇರಲಿಲ್ಲ.

"ಪಾಲಿಶ್‌ಗೆ ಹೋಗಿವೆ ಪಾಸ್ಟರಮ್ಮ," ಅಂದ ಸಭೆಯ ಹಿರಿಯ ವರ್ಡೆಲಜ್ಜ, ಎಂದಿನಂತೆ ಛೇಡಿಸುವ ದನಿಯಲ್ಲಿ, ಮುಖ ಬೇರೆ ಕಡೆ ತಿರುಗಿಸಿಕೊಂಡು.

ಪಾದ್ರಿ ಓದಿನ ತರಬೇತಿಗೆಂದು ಸಿಗ್ನಿ ಬಂದು ವರ್ಷವಾಗಿತ್ತು. ಎರಡು ಸಭೆಗಳ ಕೆಲಸ, ಇವತ್ತು ಎರಡಕ್ಕೂ ಕೊನೆಯ ಭಾನುವಾರ. ಪೇಟೆ ಚರ್ಚಿನವರು ಬೆಳಿಗ್ಗೆಯೇ ಕೇಕು ತಿನ್ನಿಸಿ, ಕೈಕುಲುಕಿ ಸಾಗಹಾಕಿದ್ದರು. ಅಲ್ಲಿ ಅವಳಿಗೆ ಅಳುವೇನೂ ಬರಲಿಲ್ಲ. ಜೀವವೆಲ್ಲ ಇಲ್ಲಿ, ಗೋಧಿ ಹೊಲದ ನಡುವಿನ ಈ ಮುರುಕಲು ಚರ್ಚಿನಲ್ಲಿತ್ತು. ಇಲ್ಲಿ ಅವಳು ಮಾಡದ ಎಡವಟ್ಟಿಲ್ಲ. ಒಂದು ಸಲ ಶವಸಂಸ್ಕಾರದಲ್ಲಿ ಸತ್ತವನ ಬದಲು ಅವನ ತಮ್ಮನ ಹೆಸರು ಓದಿದ್ದಳು. ತಮ್ಮ ಎದುರಿಗೇ ಕೂತಿದ್ದ! ಆದರೂ ಇವರು ಮುಂದಿನ ವಾರ ತಪ್ಪದೆ ಬಂದಿದ್ದರು. ಅದಕ್ಕೇ ಅವಳು ಯಾರಿಗೂ ಹೇಳದೆ ಬಿಷಪ್ಪರಿಗೆ ಕಾಗದ ಬರೆದಿದ್ದಳು: ಓದು ಮುಗಿದ ಮೇಲೆ ನನ್ನನ್ನು ಈ ಸಭೆಗೇ ಕಳಿಸಿಕೊಡಿ, ಬೇರೇನೂ ಬೇಡ.

ಬೀಳ್ಕೊಡುವ ಪದ್ಧತಿಯಂತೆ ಅವಳು ಮೊಣಕಾಲೂರಿ, "ನನ್ನ ತಪ್ಪುಗಳನ್ನು ಕ್ಷಮಿಸಿ," ಅಂದಳು.

"ಕ್ಷಮಿಸಿದ್ದೇವೆ. ನಿಮ್ಮನ್ನು ಬಿಟ್ಟುಕೊಡುತ್ತೇವೆ," ಅಂದರು ಎಲ್ಲರೂ. ಆರ್ಲಿಸಜ್ಜಿಯ ದನಿ ಮಾತ್ರ ಒಂದು ಮಾತು ಹಿಂದೆ ಉಳಿಯಿತು.

ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ, ಎಲ್ಲರೂ ಮನೆಯಿಂದ ಮಾಡಿ ತಂದದ್ದು. ಪ್ರತಿ ಮನೆಯ ಪಾತ್ರೆಯ ತಳಕ್ಕೂ ಹೆಸರಿನ ಚೀಟಿ ಅಂಟಿಸಿರುತ್ತದೆ. ಉಳಿದದ್ದನ್ನು ಮನೆಗೆ ಒಯ್ದು, ಪಾತ್ರೆ ತೊಳೆದು ವಾಪಸ್ ತರದವರ ಗತಿ ಅಷ್ಟೇ. ಆರ್ಲಿಸಜ್ಜಿಯಂತೂ ಪ್ರಾರ್ಥನೆಯ ನಡುವೆಯೇ, "ನನ್ನ ಪಾತ್ರೆ ಎಲ್ಲಮ್ಮಾ?" ಅಂತ ಸಿಗ್ನಿಯ ಮಾನ ಕಳೆದವಳು.

ತಟ್ಟೆ ಹಿಡಿದು ಎದ್ದು ನಿಂತ ಸಿಗ್ನಿಗೆ ತಡೆಯಲಾಗಲಿಲ್ಲ. "ನಾನೆಲ್ಲಿಗೂ ಹೋಗಲ್ಲ! ಬಿಷಪ್ಪರಿಗೆ ಬರೆದಿದ್ದೀನಿ. ಮುಂದಿನ ವರ್ಷ ಇಲ್ಲಿಗೇ ಬರ್ತೀನಿ, ನಿಮ್ಮ ಪಾಸ್ಟರಾಗಿ!"

ಚಪ್ಪಾಳೆ ಬೀಳುತ್ತದೆ ಅಂದುಕೊಂಡಿದ್ದಳು. ಒಬ್ಬರೂ ಕೈ ಎತ್ತಲಿಲ್ಲ.

"ಎಲ್ಲಿಗೆ ಬರ್ತೀಯೇ ಮಗಳೇ?" ಅಂದ ವರ್ಡೆಲಜ್ಜ. "ಚರ್ಚಿಗೆ ಇವತ್ತೇ ಬೀಗ. ಬೆಂಚು ಪಾಲಿಶ್‌ಗೆ ಹೋಗಿಲ್ಲ, ಬೇರೆ ಊರಿನವರು ತಗೊಂಡು ಹೋದ್ರು."

ಸಿಗ್ನಿ ತಟ್ಟೆ ಕೆಳಗಿಟ್ಟಳು. "ಯಾವಾಗ... ಯಾವಾಗ ತೀರ್ಮಾನ ಮಾಡಿದ್ರಿ?"

"ಹೋದ ವರ್ಷ. ನೀನು ಬರೋಕೆ ಎರಡು ವಾರ ಮುಂಚೆ. ಮುಚ್ಚೋಣ ಅಂತ ಎಲ್ಲರೂ ಕೈ ಎತ್ತಿ ಆಗಿತ್ತು. ಅಷ್ಟರಲ್ಲಿ ಕಾಗದ ಬಂತು, ಕಲಿಯೋ ಹುಡುಗಿ ಬರ್ತಾಳೆ ಅಂತ. ಪೇಟೆಯವರು ತಪ್ಪು ಮಾಡಿದ್ರೆ ಸಹಿಸ್ತಾರೇನು? ಪಾಪ, ಎಡವೋಕೆ ಒಂದು ಜಾಗ ಬೇಡ್ವಾ? ಒಂದು ವರ್ಷ ತಳ್ಳೋಣ ಅಂದ್ವಿ."

"ನಂಗೆ ಹೇಳಬೇಕಿತ್ತು!" ಸಿಗ್ನಿ ಕಿರುಚಿದಳು. "ವರ್ಷಪೂರ್ತಿ ನಾಟಕ ಆಡಿದ್ರಾ? ದೇವರ ಮನೇಲಿ?"

"ಹೇಳಿದ್ರೆ ನೀನು ವಾರವಾರ ನಮ್ಮ ತಿಥಿ ಮಾಡ್ತಿದ್ದೆ," ಅಂದಳು ಆರ್ಲಿಸಜ್ಜಿ. "ಅದೂ ಹೆಸರು ತಪ್ಪಿಸಿ!"

ಯಾರೋ ನಕ್ಕರು. ನಗು ಅಲ್ಲೇ ಸತ್ತಿತು. ವರ್ಡೆಲಜ್ಜ ಬೀಳ್ಕೊಡುವ ಪ್ರಾರ್ಥನೆಯ ಹಾಳೆ ಅವಳ ಮುಂದಿಟ್ಟ. ಹದಿನೇಳೂ ಜನ ಕುರ್ಚಿ ಹಿಡಿದುಕೊಂಡು ಎದ್ದು ನಿಂತರು.

"ನಿನ್ನನ್ನ ನಾವು ಬಿಟ್ಟುಕೊಟ್ಟಾಯ್ತು. ಈಗ ನೀನು ಹೇಳು ಪಾಸ್ಟರಮ್ಮ. ಸುಳ್ಳು ಹೇಳಿದ್ದಕ್ಕೆ ಕ್ಷಮಿಸು."

ಪಾಸ್ಟರಮ್ಮ ಅಂತ ಅವನು ಛೇಡಿಸದೆ ಕರೆದದ್ದು ಇದೇ ಮೊದಲು. ಸಿಗ್ನಿ ಹಾಳೆ ಕೈಗೆತ್ತಿಕೊಂಡಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಕಣ್ಣು ಸುರಿಯುತ್ತಿತ್ತು. ಮುದುಕರ ಮೊಣಕಾಲು ನಡುಗುವುದು ಕಂಡಿತು. ಇವರನ್ನು ಎಷ್ಟು ಹೊತ್ತು ನಿಲ್ಲಿಸುವುದು?

"ಕ್ಷಮಿಸಿದ್ದೇನೆ," ಅಂದಳು. "ನಿಮ್ಮನ್ನು... ಬಿಟ್ಟುಕೊಡುತ್ತೇನೆ."

ಅವಳು ಕಾರು ಹತ್ತುವಾಗ ಆರ್ಲಿಸಜ್ಜಿ ಉಳಿದ ಊಟವನ್ನು ಪಾತ್ರೆ ಸಮೇತ ಅವಳ ಮಡಿಲಿಗಿಟ್ಟಳು.

"ತೊಳೆದು ತಂದುಕೊಡ್ತೀನಿ ಅಜ್ಜಿ," ಅಂದಳು ಸಿಗ್ನಿ, ವರ್ಷದ ಅಭ್ಯಾಸ.

ಅಜ್ಜಿ ಕಾರಿನ ಬಾಗಿಲು ಹಾಕಿದಳು. ಸಿಗ್ನಿ ಪಾತ್ರೆ ಎತ್ತಿ ತಳ ನೋಡಿದಳು. ಹೆಸರಿನ ಚೀಟಿಯನ್ನು ಅಜ್ಜಿ ಕಿತ್ತುಹಾಕಿದ್ದಳು.