ದರ್ಜಿಯ ಬಲಮೊಣಕಾಲು

ಕಾಲಿನಿಂದ ಕೆಲಸ ಮಾಡುವವನು ತಮ್ಮ ಬಂಧುಬಳಗದಲ್ಲಿ ದರ್ಜಿ ಒಬ್ಬನೇ ಎಂದು ಭಾವ ಕಂಡುಹಿಡಿದದ್ದೇ ಈ ಎಲ್ಲ ಎಡವಟ್ಟಿಗೂ ಮೂಲ. ಭಾವ ಅಂದರೆ ದರ್ಜಿಯ ಹೆಂಡತಿಯ ಅಣ್ಣ, ಆರು ಜನರ ವಾದ್ಯತಂಡದ ಯಜಮಾನ, ಹಾಡುಗಾರನೂ ಅವನೇ. ತಂಡದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ನುಡಿಸುತ್ತಿದ್ದ ತಂತಿ ತಾತ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮನೆ ಹಿಡಿದಿದ್ದ.

"ನಿಂಗೆ ಮಿಷನ್ ತುಳಿದು ಅಭ್ಯಾಸ ಇದೆ, ಇದೂ ಅಷ್ಟೇ ಮಾರಾಯ," ಅಂದ ಭಾವ. "ಮೂರು ವಾರ ಟೈಮು. ಕಾರ್ಯಕ್ರಮ ಸರಿಹೋದ್ರೆ ಆ ಕುರ್ಚಿ ನಿಂದು. ಇಲ್ಲಾಂದ್ರೆ ಹಲ್ಲು ಡಾಕ್ಟರು ತುದಿಗಾಲಲ್ಲಿ ನಿಂತಿದಾರೆ. ಅವ್ರೂ ಹಲ್ಲು ಕೊರೆಯೋ ಮಿಷನ್ನ ಕಾಲಲ್ಲೇ ಒತ್ತೋದು."

ದರ್ಜಿ ಇಪ್ಪತ್ತು ವರ್ಷದಿಂದ ತಂಡದ ಕೋಟು ಹೊಲಿದು, ಯಾರದಾದರೂ ಗುಂಡಿ ಕಿತ್ತುಹೋದೀತೆಂದು ಸೂಜಿ ದಾರ ಹಿಡಿದು ಪಕ್ಕದ ಕೋಣೆಯಲ್ಲಿ ಕೂತು ಹಾಡು ಕೇಳಿದವನು. ಒಂದು ಸಲವಾದರೂ ಆ ಕೋಟು ತೊಟ್ಟು ವೇದಿಕೆ ಮೇಲೆ ಕೂರಬೇಕೆಂಬ ಆಸೆಯನ್ನು ಹೆಂಡತಿಗೂ ಹೇಳಿರಲಿಲ್ಲ. ಹೆಂಡತಿಗೆ ಗೊತ್ತಿತ್ತು.

ಈ ಗಿಟಾರು ಎದೆಗಪ್ಪಿಕೊಳ್ಳುವ ಜಾತಿಯದಲ್ಲ. ನಾಲ್ಕು ಕಾಲಿನ ಮೇಜಿನ ಹಾಗೆ ನಿಂತಿರುತ್ತದೆ, ಮೇಲೆ ಹತ್ತು ತಂತಿ. ಎಡಗೈ ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಬೇಕು, ಬಲಗೈ ಮೀಟಬೇಕು, ಪಾದಗಳು ಪೆಡಲ್ ತುಳಿಯಬೇಕು. ಅಷ್ಟಕ್ಕೇ ಬಿಟ್ಟಿದ್ದರೆ ಮನುಷ್ಯ ಹೇಗೋ ಬದುಕಿಕೊಳ್ಳುತ್ತಿದ್ದ. ಮಾಡಿದವನು ಸುಮ್ಮನಿರಲಾರದೆ ಮೇಜಿನ ಕೆಳಗೆ, ಮೊಣಕಾಲುಗಳ ಆಚೀಚೆ, ನಾಲ್ಕು ಲಿವರ್ ಇಳಿಬಿಟ್ಟಿದ್ದ.

ತಾತ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡೇ ಪಾಠ ಹೇಳಿದ. "ಎಡಮೊಣಕಾಲು ಎಡಕ್ಕೆ ತಳ್ಳಿದ್ರೆ ಎರಡು ತಂತಿ ಅರ್ಧ ಸ್ವರ ಏರುತ್ತೆ. ಬಲಕ್ಕೆ ತಳ್ಳಿದ್ರೆ ಅವೇ ತಂತಿ ಅರ್ಧ ಸ್ವರ ಇಳಿಯುತ್ತೆ. ಬಲಮೊಣಕಾಲು ಬಲಕ್ಕೆ ಹೋದ್ರೆ ಬೇರೆ ತಂತಿ ಇಳಿಯುತ್ತೆ. ಕಾರ್ಯಕ್ರಮದ ಹಾಡಲ್ಲಿ ಅದು ಬೇಕಾಗೋದು ಒಂದೇ ಸಲ, ಕಟ್ಟಕಡೇಲಿ. ತಿಳೀತಾ?"

"ತಿಳೀತು ತಾತ."

"ಏನು ತಿಳೀತು?"

"ಕಟ್ಟಕಡೇದು."

ಎಂಟು ದಿನದಲ್ಲಿ ಎಡಮೊಣಕಾಲು ಹೇಳಿದ ಮಾತು ಕೇಳತೊಡಗಿತು. ಬಲಮೊಣಕಾಲಿನದೇ ತಕರಾರು. ಅಂಗಡಿಯ ದೊಡ್ಡ ಹೊಲಿಗೆ ಮಿಷನ್ನಿಗೂ ಮೇಜಿನ ಕೆಳಗೊಂದು ಕಬ್ಬಿಣದ ಹಿಡಿ ಇದೆ. ಒಂದು ಹೊಲಿಗೆ ಮುಗಿದ ಕೂಡಲೇ ಬಲಮೊಣಕಾಲಿನಿಂದ ಅದನ್ನು ಬಲಕ್ಕೆ ತಳ್ಳಿದರೆ ಬಟ್ಟೆ ಅದುಮಿ ಹಿಡಿದ ಮಿಷನ್ನಿನ ಪಾದ ಮೇಲೇಳುತ್ತದೆ. ಆಗ ಬಟ್ಟೆ ತಿರುಗಿಸಿಕೊಳ್ಳಬೇಕು. ಇಪ್ಪತ್ತು ವರ್ಷದ ಆ ಅಭ್ಯಾಸ ಹಾಡಿಗೂ ಬಂತು. ಹಾಡಿನ ಸಾಲು ಮುಗಿಯಬೇಕು, ಮೊಣಕಾಲು ಬಲಕ್ಕೆ ಹಾರಬೇಕು, ಮೇಲಿದ್ದ ಸ್ವರ ಮೆಟ್ಟಿಲು ತಪ್ಪಿದವನ ಹಾಗೆ ಕೆಳಕ್ಕೆ ಬೀಳಬೇಕು.

"ಯಾಕಯ್ಯಾ ತಳ್ದೆ?" ಎಂದು ತಾತ ಕೂಗುವನು.

"ನಾನೆಲ್ಲಿ ತಳ್ದೆ? ಅದೇ ಹೋಯ್ತು!"

ಹೆಂಡತಿ ಲಿವರಿಗೂ ಮೊಣಕಾಲಿಗೂ ನಡುವೆ ದಿಂಬು ತುರುಕಿ ನೋಡಿದಳು. ಆಗ ಸಾಲುಗಳೆಲ್ಲ ನೆಟ್ಟಗಾದವು, ಆದರೆ ಕಟ್ಟಕಡೆಯಲ್ಲಿ ಇಳಿಯಬೇಕಾದ ಸ್ವರವೂ ಇಳಿಯದೆ ಕೊಂಬೆ ಮೇಲಿನ ಬೆಕ್ಕಿನಂತೆ ಅಲ್ಲೇ ಕೂತಿತು. ಇತ್ತ ಅಂಗಡಿಯಲ್ಲಿ ಎಡಮೊಣಕಾಲೂ ಕೆಟ್ಟಿತು. ಹೊಲಿಯುತ್ತಿರುವಾಗಲೇ ಅದು ತಾನೂ ಎಡಕ್ಕೆ ಹೊಡೆದುಕೊಂಡು ಮಿಷನ್ನನ್ನೇ ಅಲುಗಿಸುತ್ತಿತ್ತು. ಹೆಡ್‌ಮಾಸ್ತರರ ಪ್ಯಾಂಟಿನ ಅಂಚು ಏರಿಳಿದು, ಏರಿಳಿದು ಮುಗಿಯಿತು. ಅವರು ಅದನ್ನು ತೊಟ್ಟು ನಡೆದರೆ ಹಿಂದಿನವರಿಗೆ ಹಾಡಿನ ಪಲ್ಲವಿ ಸ್ಪಷ್ಟವಾಗಿ ಕಾಣುತ್ತಿತ್ತಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಹೆಡ್‌ಮಾಸ್ತರರಂತೂ ನಂಬಿ ಪ್ಯಾಂಟು ವಾಪಸು ಕೊಟ್ಟರು.

"ರೀ, ಯಾವ ಕಾಲು ಯಾವುದಕ್ಕೆ ಅಂತ ಬರ್ಕೊಂಡು ಮೊಣಕಾಲಿಗೆ ಅಂಟಿಸ್ಕೊಳ್ಳಿ," ಅಂದಳು ಹೆಂಡತಿ.

ಬರೆದ. ಎದುರಿಗೆ ನಿಂತು ಅಂಟಿಸಿದವಳು ಅವಳಾದ್ದರಿಂದ ಎಡದ್ದು ಬಲಕ್ಕೆ ಹೋಯಿತು.

ಕಾರ್ಯಕ್ರಮದ ದಿನ, ಭಾನುವಾರ ಮಧ್ಯಾಹ್ನ, ದರ್ಜಿ ತಾನೇ ಹೊಲಿದ ಕೋಟು ತೊಟ್ಟು ವೇದಿಕೆ ಮೇಲೆ ಕೂತ. ಮೊದಲ ಸಾಲಿನಲ್ಲಿ ಹಲ್ಲು ಡಾಕ್ಟರು ಕಾಲ ಮೇಲೆ ಕಾಲು ಹಾಕಿ, ಅಳತೆ ತೆಗೆಯಲು ಬಂದವರ ಹಾಗೆ ಕುರ್ಚಿಯನ್ನೇ ನೋಡುತ್ತಿದ್ದರು. ಭಾವ ಹಾಡಿನ ಮೊದಲ ಸಾಲು ಎತ್ತಿದ. ಸಾಲು ಮುಗಿಯಿತು, ಮೊಣಕಾಲು ಹಾರಿತು, ಸ್ವರ ಬಿತ್ತು. ಡಾಕ್ಟರು ಹಲ್ಲು ಬಿಟ್ಟರು. ಭಾವ ತಿರುಗಿ ನೋಡಿದ ನೋಟಕ್ಕೆ ಗುಂಡಿ ಕಿತ್ತುಬರಬೇಕಿತ್ತು.

ದರ್ಜಿ ಕಣ್ಣು ತಪ್ಪಿಸಿ ಪಕ್ಕಕ್ಕೆ ನೋಡಿದ. ಅಲ್ಲಿ ಸಭಾಂಗಣದ ಪರದೆ. ಇಪ್ಪತ್ತು ಮಾರು ಉದ್ದದ ಅಂಚು, ಒಂದೇ ಹೊಲಿಗೆ, ನಡುವೆ ಎಲ್ಲೂ ನಿಲ್ಲಿಸಿದ ಗುರುತಿಲ್ಲ. ಇಂಥದ್ದು ಹೊಲಿಯುವಾಗ ಮಿಷನ್ನಿನ ಪಾದ ಎತ್ತುವುದು ಕೊನೆಯಲ್ಲಿ ಮಾತ್ರ, ನಡುವೆ ಎತ್ತಿದರೆ ಅಂಚು ಸೊಟ್ಟ. ಅವನು ಅದರ ಮೇಲೇ ಕಣ್ಣು ನೆಟ್ಟು, ಹಾಡನ್ನು ಆ ಅಂಚಿನ ಹಾಗೆ ಒಂದೇ ಓಟಕ್ಕೆ ಬಿಟ್ಟ. ಎರಡನೇ ಸಾಲು ಮುಗಿದದ್ದು ಮೊಣಕಾಲಿಗೆ ತಿಳಿಯಲೇ ಇಲ್ಲ. ಮೂರನೆಯದೂ ತಿಳಿಯಲಿಲ್ಲ. ಯಾಕೆಂದರೆ ದರ್ಜಿ ಸಾಲುಗಳ ನಡುವೆ ಕೂದಲೆಳೆಯಷ್ಟೂ ಜಾಗ ಬಿಡಲಿಲ್ಲ. ತಂಡದವರು ದಿಕ್ಕು ತೋಚದೆ ಅವನ ಹಿಂದೆ ಓಡಿದರು. ಉಸಿರೆಳೆದುಕೊಳ್ಳಲು ಬಾಯಿ ತೆರೆದ ಭಾವನಿಗೆ ಅಷ್ಟರಲ್ಲಿ ಮುಂದಿನ ಸಾಲು ಬಂದುಬಿಡುತ್ತಿತ್ತು. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬದನೆಕಾಯಿ ಬಣ್ಣಕ್ಕೆ ತಿರುಗಿತು.

ಪರದೆಯ ಅಂಚು ಮುಗಿಯಿತು. ಮೊಣಕಾಲು ತಾನಾಗಿ ಬಲಕ್ಕೆ ಹೋಯಿತು. ಕಟ್ಟಕಡೆಯ ಸ್ವರ ಬೆಣ್ಣೆಯಂತೆ ಇಳಿದು, ಎಲ್ಲಿ ಸೇರಬೇಕಿತ್ತೋ ಅಲ್ಲಿ ಸೇರಿತು.

ಜನ ಎದ್ದು ಚಪ್ಪಾಳೆ ತಟ್ಟಿದರು. ಡಾಕ್ಟರೂ ಎದ್ದರು, ಆದರೆ ಬಾಗಿಲ ಕಡೆಗೆ. ಭಾವ ಮೈಕಿನ ಕೋಲು ಹಿಡಿದು ಎರಡು ನಿಮಿಷ ಏದುಸಿರು ಬಿಟ್ಟ.

"ಮುಂದಿನ ವಾರಕ್ಕೆ ಇನ್ನೊಂದು ಹಾಡು ಕಲಿ," ಅಂದ ಕೊನೆಗೆ.

"ಯಾವುದು ಭಾವ?"

"ನಾನು ಹಾಡದೆ ಇರೋದು."

ಹೊಗಳಿದ್ದೋ ಬೈದದ್ದೋ ದರ್ಜಿಗೆ ಗೊತ್ತಾಗಲಿಲ್ಲ. ಕುರ್ಚಿ ಉಳಿದದ್ದು ಮಾತ್ರ ಗೊತ್ತಾಯಿತು. ಹೆಂಡತಿ ಮೆಟ್ಟಿಲ ಹತ್ತಿರ ಬಂದು ನಕ್ಕಳು.

"ಗೆದ್ರಲ್ಲ, ಇನ್ನು ಎದ್ದೇಳಿ, ಮನೆಗೆ ಹೋಗೋಣ."

"ಬಂದೆ, ಬಂದೆ," ಅಂದ ದರ್ಜಿ. ಆದರೆ ಏಳುವುದಕ್ಕೆ ಯಾವ ಮೊಣಕಾಲನ್ನು ಯಾವ ಕಡೆಗೆ ತಳ್ಳಬೇಕೆಂದು ಹೊಳೆಯದೆ ಅಲ್ಲೇ ಕೂತಿದ್ದ.