ಕೊರಳಿಗೆ ಕಟ್ಟಿದ ಚಿಟಿಕೆ

ಸೊನ್ನೆ, ಹಸಿರು ಸೊನ್ನೆ, ಕಪ್ಪು ಪರದೆಯ ಮೇಲೆ ಅಲುಗದೆ ಕೂತಿದೆ, ನೋಡಿದರೆ ಹುಲಿಗೆಮ್ಮನಿಗೆ ಮೈಯೆಲ್ಲ ಉರಿಯುತ್ತದೆ, ನಿನ್ನೆಯೂ ಇಡೀ ದಿನ ಹೀಗೇ ಕೂತಿತ್ತಂತೆ, ಕಡೂರಿನ ಈ ಹಾಲು ತಂಪು ಮಾಡುವ ಕೇಂದ್ರದ ಟ್ಯಾಂಕಿನಲ್ಲಿ ಅಜ್ಜಂಪುರದ ಕಡೆಯ ಹಾಲೆಲ್ಲ ಒಡೆದು ಹುಳಿಯಾಗುತ್ತಿದ್ದಾಗಲೂ ಸೊನ್ನೆ ಡಿಗ್ರಿ, ಸೊನ್ನೆ ಡಿಗ್ರಿ ಎನ್ನುತ್ತಾ — ನಾಚಿಕೆಗೆಟ್ಟದ್ದು, ಅಲ್ಲ, ಅದಕ್ಕೆಲ್ಲಿಯ ನಾಚಿಕೆ, ಹಾಗೆ ಹೇಳು ಎಂದು ಕಲಿಸಿದವಳು ತಾನೇ, ಶಾಖ ಅಳೆಯುವ ಈ ಪೆಟ್ಟಿಗೆಯ ಪ್ರೋಗ್ರಾಂ ಬರೆದವಳು ತಾನೇ, ಎಂಬತ್ತೆಂಟನೇ ಇಸವಿಯಲ್ಲಿ ಇಂಥದ್ದು ಜಿಲ್ಲೆಯಲ್ಲೇ ಮೊದಲು ಎಂದು ಬೀಗಿದವಳೂ ತಾನೇ. ಬಾಗಿಲಲ್ಲಿ ಟ್ಯಾಂಕು ಕಾಯುವ ಕರಿಯಣ್ಣ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದಾನೆ, ನಾನ್ ಮಲ್ಗಿರ್ಲಿಲ್ಲ ಕಣವ್ವ, ಮಿಷನ್ನು ಸದ್ದು ನಿಲ್ಸ್ತು, ಪರದೆ ನೋಡ್ದೆ ಸೊನ್ನೆ ಇತ್ತು, ಸಾಕಷ್ಟು ತಂಪಾಗಿ ತಾನಾಗೇ ನಿಂತದೆ ಅನ್ಕೊಂಡೆ. ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋಗಿ ಹಾಲು ತಂಪು ಮಾಡುವ ಕಂಪ್ರೆಸರ್ ನಿಂತಿತ್ತು, ಪೆಟ್ಟಿಗೆಗೆ ಮಾತ್ರ ಕರೆಂಟಿತ್ತು, ಅವನಿಗೆ ಹೇಗೆ ಗೊತ್ತಾಗಬೇಕು, ಆದರೆ ಮ್ಯಾನೇಜರ್ ಸೋಮಶೇಖರಪ್ಪನವರದು ಒಂದೇ ಮಾತು, ಕಂಪ್ಯೂಟರ್ ಸುಳ್ಳು ಹೇಳಲ್ಲ ಕಣಮ್ಮ, ಇವ್ನೇ ಗೊರಕೆ ಹೊಡ್ದವ್ನೆ, ಇವತ್ತಿಂದ ಮನೆಗೆ ಕಳಿಸ್ತೀನಿ. ಸುಳ್ಳು ಹೇಳಲ್ಲ! ಹುಲಿಗೆಮ್ಮನಿಗೆ ಅಳು ಬರುತ್ತದೆ, ನಗುವೂ ಬರುತ್ತದೆ.

ಫ್ಲಾಪಿ ಒಳಗೆ ಹೋಯಿತು, ಗರ್ ಗರ್ ಎನ್ನುತ್ತಿದೆ, ಹೊಸ ಪ್ರೋಗ್ರಾಂ ಏರಲಿ, ನಿಧಾನವಾಗಿ ಏರಲಿ — ಶಾಖದ ಕಡ್ಡಿ ಬದಲಿಸಿ ಪ್ರೋಗ್ರಾಂ ತಿದ್ದಿದ ಆವತ್ತು ಪರದೆಯ ಮೇಲೆ ಎಚ್ಚರಿಕೆ ಬಂದಿತ್ತಲ್ಲ, ಅನುಮಾನ, ಇಲ್ಲಿ ಅನುಮಾನ ಇದೆ ಎಂದು ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬೊಗಳಿತ್ತಲ್ಲ, ತಾನು ಒಂದು ಬ್ರಾಕೆಟ್ ಹಾಕಿ ಅದರ ಬಾಯಿ ಮುಚ್ಚಿಸಿದಳು, ಇದು ಮೆಮೊರಿಯಲ್ಲಿ ಪೂರ್ಣ ಸಂಖ್ಯೆ ಕೂತ ವಿಳಾಸವೇ, ನಾನು ಹೇಳುತ್ತಿದ್ದೇನೆ, ನಂಬು. ಹಾಲಿಗಿಳಿಸುವ ಹಳೆಯ ಕಡ್ಡಿ ಪೂರ್ಣ ಡಿಗ್ರಿ ಕೊಡುತ್ತಿತ್ತು, ಹೊಸದು ಅರ್ಧರ್ಧ ಡಿಗ್ರಿ ಕೊಡುತ್ತದೆ, ಅದು ಮೆಮೊರಿಯಲ್ಲಿ ಕೂರುವ ರೀತಿಯೇ ಬೇರೆ, ಜಾಗವೂ ಎರಡರಷ್ಟು, ಪರದೆಗೆ ಬರೆಯುವ ಪ್ರೋಗ್ರಾಮಿನ ಹಳೆಯ ಸಾಲುಗಳು ಆ ವಿಳಾಸಕ್ಕೆ ಹೋಗಿ ಮೊದಲ ಅರ್ಧವನ್ನಷ್ಟೇ ಓದಿ ಬಂದವು, ಅರ್ಧರ್ಧ ಡಿಗ್ರಿಯ ಲೆಕ್ಕದಲ್ಲಿ ಆ ಮೊದಲ ಅರ್ಧ ಯಾವಾಗಲೂ ಖಾಲಿ, ಕುದಿವ ನೀರಾದರೂ ಸೊನ್ನೆ, ಕೆಚ್ಚಲಿಂದ ಕರೆದ ಹಾಲಾದರೂ ಸೊನ್ನೆ. ಪರೀಕ್ಷೆ ಮಾಡಿದ್ದು ಯಾವುದರಲ್ಲಿ, ಐಸಿನಲ್ಲಿ, ಐಸಿನಲ್ಲಿ ಸೊನ್ನೆ ಬಂತೆಂದು ಕುಣಿದಾಡಿದ್ದಳು, ದಡ್ಡಿ. ವಿಳಾಸ ಸರಿ, ಒಳಗಿರುವುದು ಬೇರೆ — ಗಡ್ಗೆ ಅದೇ, ಮೂಲೆ ಅದೇ, ಒಳ್ಗಿರೋದು ಬೇರೆ ಅಂತ ನಂಗೇನ್ ಗೊತ್ತಕ್ಕಾ, ಇದು ದ್ಯಾಮಮ್ಮ ಚಿಕ್ಕಮ್ಮನ ದನಿ, ಅಜ್ಜಂಪುರದ ಮನೆ, ತಾನಿನ್ನೂ ಲಂಗದ ಹುಡುಗಿ, ಚಿಕ್ಕಮ್ಮ ರೊಟ್ಟಿಗೆಂದು ಬೀಸುಕಲ್ಲಿಗೆ ಸುರಿದದ್ದು ಬಿತ್ತನೆಯ ಜೋಳ, ಹುಳ ಬೀಳದಿರಲೆಂದು ಅಪ್ಪ ವಿಷದ ಪುಡಿ ಬೆರೆಸಿ ತಿನ್ನುವ ಜೋಳದ ಗಡಿಗೆಯಲ್ಲೇ ತುಂಬಿಟ್ಟದ್ದು. ಕೊಟ್ಟಿಗೆಯಿಂದ ಬಂದ ಅವ್ವ ವಾಸನೆ ಹಿಡಿದು, ಬಿಡೇ, ಕೈ ತೆಗಿಯೇ ಎಂದು ಕಿರುಚಿ ಅವಳನ್ನು ಎಳೆದೇಬಿಟ್ಟಳು, ಅಷ್ಟರಲ್ಲಿ ಉಳಿಯಿತು ಮನೆ. ಅವ್ವ ಯಾರನ್ನೂ ಬೈಯಲಿಲ್ಲ, ಅದೇ ಸಂಜೆ ಕೂತು ಹಳೇ ಸೀರೆ ಹರಿದಳು, ಒಂದೊಂದು ಗಡಿಗೆಯಿಂದಲೂ ಒಂದೊಂದು ಚಿಟಿಕೆ ತೆಗೆದು ಬಟ್ಟೆಯಲ್ಲಿ ಗಂಟು ಕಟ್ಟಿ ಅದರ ಕೊರಳಿಗೇ ಬಿಗಿದಳು, ಒಳಗಿನದು ಬದಲಾದರೆ ಗಂಟೂ ಬದಲಾಗಬೇಕು, ಗಂಟು ಮೂಸ್ದೆ ಗಡ್ಗೆಗೆ ಕೈ ಹಾಕ್ಬೇಡ ಕಣೇ. ಎಂಜಿನಿಯರಿಂಗ್ ಓದಿಬಂದ ಮೇಲೂ ಅಟ್ಟದ ಗಡಿಗೆಗಳಿಂದ ಜೋತ ಆ ಗಂಟುಗಳನ್ನು ನೋಡಿ ನಕ್ಕಿದ್ದಳಲ್ಲ, ನಗು ಈಗ.

ಗರ್ ನಿಂತಿತು. ಈ ಸಲ ಬ್ರಾಕೆಟ್ ಇಲ್ಲ, ಕಂಪೈಲರ್ ಬೇಕಾದಷ್ಟು ಬೊಗಳಲಿ, ಪ್ರತಿ ಅಳತೆಯ ಪಕ್ಕದಲ್ಲೇ ಅದು ಯಾವ ಜಾತಿಯದೆಂಬ ಗುರುತು ಕಟ್ಟಿದ್ದಾಳೆ, ಗುರುತು ಹೊಂದದಿದ್ದರೆ ಪೆಟ್ಟಿಗೆ ಅಂಕಿ ತೋರಿಸಬಾರದು, ಗಂಟೆ ಬಾರಿಸಬೇಕು, ಗೊತ್ತಿಲ್ಲ ಎನ್ನುವುದು ಸುಳ್ಳಿಗಿಂತ ಮೇಲು. ಸಾರ್, ನಿನ್ನೆ ಸುಳ್ಳು ಹೇಳಿದ್ದು ನನ್ನ ಪೆಟ್ಟಿಗೆ, ಇವರಲ್ಲ, ಎಂದದ್ದು ತನ್ನ ದನಿಯೇ, ನಡುಗಲಿಲ್ಲ, ಪರವಾಗಿಲ್ಲ. ಸೋಮಶೇಖರಪ್ಪನವರು ಹುಬ್ಬು ಗಂಟಿಕ್ಕಿ, ಬೆಳಗಿನ ಹಾಲಿನ ಬಿಸಿ ಇನ್ನೂ ಆರದ ಕ್ಯಾನಿಗೆ ಗಾಜಿನ ಥರ್ಮಾಮೀಟರ್ ಇಳಿಬಿಟ್ಟರು, ಮೂವತ್ತೊಂದು, ಈಗ್ ನಿಂದು ಬಿಡಮ್ಮ ನೋಡಣ. ಕರಿಯಣ್ಣ ಕಡ್ಡಿಯನ್ನು ಹಾಲಿಗಿಳಿಸಿದ, ಪರದೆ ಖಾಲಿ, ಇನ್ನೂ ಖಾಲಿ, ಸೊನ್ನೆ ಬಂದುಬಿಟ್ಟರೆ, ಅಯ್ಯೋ ಹುಲಿಗೆಮ್ಮ, ಸೊನ್ನೆ ಬಂದರೆ ಇವನು ಟವೆಲ್ ಕೊಡವಿಕೊಂಡು ಮನೆಗೆ — ಹಸಿರು ಮಿನುಗಿತು, ಇಪ್ಪತ್ತೆಂಟು, ಇಪ್ಪತ್ತೊಂಬತ್ತೂವರೆ, ಮೂವತ್ತು, ಮೂವತ್ತೊಂದು, ನಿಂತಿತು. ಮ್ಯಾನೇಜರ್ ಗಾಜು ನೋಡಿದರು, ಪರದೆ ನೋಡಿದರು, ಲೇ ಕರಿಯಣ್ಣ, ನಿಂತ್ಕಂಡು ಏನ್ ನೋಡ್ತೀಯಾ, ಮೂರು ಫೇಸೂ ಬಂದವೆ, ಕಂಪ್ರೆಸರ್ ಹಾಕು ಹೋಗು, ತರೀಕೆರೆ ಗಾಡಿ ಬರೋ ಹೊತ್ತಾಯ್ತು. ಕರಿಯಣ್ಣ ಓಡಿದ, ಟವೆಲ್ ಇಲ್ಲೇ ಬಿದ್ದಿದೆ, ಹಿತ್ತಲಲ್ಲಿ ಮಿಷನ್ನು ಗುಡುಗುಡು ಎಂದಿತು, ಮೂವತ್ತೊಂದು, ಮೂವತ್ತೊಂದು, ಹುಲಿಗೆಮ್ಮ ಅಂಕಿಯನ್ನೇ ನೋಡುತ್ತಾಳೆ, ಅಂಕಿ ಕಾಣುತ್ತಿಲ್ಲ, ಕಣ್ಣು ತುಂಬಿದೆ, ಕಾಣುವುದು ಅಟ್ಟ, ಅಟ್ಟದ ಗಡಿಗೆ, ಗಡಿಗೆಯ ಕೊರಳಲ್ಲಿ ಅವ್ವನ ಸೀರೆಯ ಚೂರು, ಬಿಗಿದ ಸಣ್ಣ ಗಂಟು.